ಅಕೇಶಿಯಾ ದಾಂಡಿಗೆ ಸರಿ, ತಬಲಿಗೆ ಬೇಡ

ಮಾನ್ಯ ಸಂಪಾದಕರೇ,

ರಸ್ತೆ ಅಗಲ ಮಾಡಲು ಕಡಿದ ಅಕೇಶಿಯಾ ಮರಗಳನ್ನು ಸೌದೆಗೆ ಹಾಕುವ ಬದಲು ಭಜನಾ ಮಂಡಳಿಗಳಿಗೆ ತಂಬೂರಿ, ಏಕತಾರಿ ಮಾಡಿಸಿಕೊಡಬಾರದೇಕೆ ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಕೇಳಿದ್ದರು. ಕೇಳಿದ್ದರಲ್ಲಿ ಅರ್ಧ ಸರಿಯಿದೆ. ಉಳಿದರ್ಧವನ್ನು ತಂತಿವಾದ್ಯದ ಕೆಲಸ ಮಾಡುವ ನಾವು ಹೇಳಬೇಕು.

ನಮ್ಮ ಕಡೆ ಬರೀ ಅಕೇಶಿಯಾ ಎಂದು ಕರೆಯುವ ಈ ಮರ ಅಕೇಶಿಯಾ ಆರಿಕ್ಯುಲಿಫಾರ್ಮಿಸ್. ಉತ್ತರ ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ, ಇಂಡೋನೇಷ್ಯಾ ಇದರ ಮೂಲ. ಇದೇ ಕುಲದ ಬ್ಲ್ಯಾಕ್‌ವುಡ್‌ನಿಂದ ಮೆಲ್ಬರ್ನಿನ ಮೇಟನ್ ಕಂಪನಿ ಗಿಟಾರ್ ಮಾಡುತ್ತದೆ. ಆಸ್ಟ್ರೇಲಿಯಾದ ಒಣ ಒಳನಾಡಿನ ಗಿಜೀ ಮರವಂತೂ ಒಣಗಿದ ಮೇಲೂ ನೀರಿನಲ್ಲಿ ಮುಳುಗುವಷ್ಟು ಭಾರ. ಅಲ್ಲಿನ ಕೆಲವರು ಎಬನಿ ಎಂಬ ಕರಿಮರದ ಬದಲು ಅದನ್ನು ಫಿಂಗರ್‌ಬೋರ್ಡ್‌ಗೆ, ಅಂದರೆ ಗಿಟಾರಿನಲ್ಲಿ ಬೆರಳೊತ್ತುವ ಪಟ್ಟಿಗೆ, ಹಾಕುತ್ತಾರೆ. ಕುಲ ಒಂದೇ ಆದರೂ ಗುಣ ಒಂದೇ ಅಲ್ಲ. ನಮ್ಮ ರಸ್ತೆ ಬದಿಯ ಅಕೇಶಿಯಾ ಒಣಗಿದ ಮೇಲೆ ಘನ ಮೀಟರಿಗೆ 600ರಿಂದ 750 ಕಿಲೋ ತೂಗುತ್ತದೆ, ಅಂದರೆ ಸಾಗವಾನಿಯಷ್ಟು ಅಥವಾ ಅದಕ್ಕಿಂತ ತುಸು ಹೆಚ್ಚು. ಮಿರಜಿನ ತಂಬೂರಿಗಳಿಗೆ ಬಳಸುವ ತುನ್ ಮರ ಇದಕ್ಕಿಂತ ಸಾಕಷ್ಟು ಹಗುರ.

ಎಲ್ಲವೂ ಈ ತೂಕದಿಂದಲೇ ತೀರ್ಮಾನವಾಗುತ್ತದೆ. ತಬಲಿ, ಅಂದರೆ ತಂಬೂರಿಯ ಕೆಳಗಿನ ಸೋರೆ ಬುರುಡೆಯ ಬಾಯಿ ಮುಚ್ಚುವ ತೆಳು ಹಲಗೆ, ಹಗುರವೂ ಬಿಗಿಯೂ ಆಗಿರಬೇಕು. ತಂತಿಯ ಅಲ್ಪ ಬಲ ಅದನ್ನು ನಡುಗಿಸಿದರೇ ನಾದ. ಅಕೇಶಿಯಾ ತಬಲಿ ಹಾಕಿದರೆ ದನಿ ಒಳಗೇ ಉಳಿಯುತ್ತದೆ. ತೆಳ್ಳಗೆ ಮಾಡಿ ಸರಿಪಡಿಸೋಣವೆಂದರೆ ಕುದುರೆಯ, ಅಂದರೆ ತಬಲಿಯ ಮೇಲೆ ತಂತಿಗಳನ್ನು ಹೊರುವ ಮಣೆಯ, ಕೆಳಗೆ ತಗ್ಗು ಬೀಳುತ್ತದೆ. ತಬಲಿಗೆ ತುನ್ ಮರವೇ ಇರಲಿ.

ದಾಂಡಿಗೆ, ಅಂದರೆ ಬುರುಡೆಯಿಂದ ಮೇಲಕ್ಕೆ ಹೋಗುವ ಟೊಳ್ಳು ಕೋಲಿಗೆ, ಮಾತ್ರ ಈ ಮರ ಒಳ್ಳೆಯದು. ತಂಬೂರಿಯ ನಾಲ್ಕು ತಂತಿಗಳು ಸೇರಿ ಸುಮಾರು 15 ಕಿಲೋ ಎಳೆತವನ್ನು ಹಗಲು ರಾತ್ರಿ ದಾಂಡಿಯ ಮೇಲೆ ಹಾಕುತ್ತವೆ. ಚೆನ್ನಾಗಿ ಒಣಗಿದ ನೇರ ಎಳೆಯ ಅಕೇಶಿಯಾ ಅದಕ್ಕೆ ಬಗ್ಗುವುದಿಲ್ಲ. ತುನ್ ಮರದಲ್ಲಿ ಗೋಡೆ 12 ಮಿ.ಮೀ. ಬಿಡುವ ಕಡೆ ಇದರಲ್ಲಿ 9 ಬಿಟ್ಟರೆ ತೂಕ ಹೆಚ್ಚುಕಡಿಮೆ ಸರಿಹೋಗುತ್ತದೆ. ತಂತಿ ಬಿಗಿಯುವ ಬಿರಡೆಗೂ ಆಗುತ್ತದೆ, ಆದರೆ ಚೇಗಿನದ್ದೇ, ಅಂದರೆ ಒಳಗಿನ ಗಟ್ಟಿ ಮರದ್ದೇ ಆಗಬೇಕು. ಕುದುರೆಗೆ ಬೇಡ: ಉಕ್ಕಿನ ತಂತಿ ಕೆಲವೇ ತಿಂಗಳಲ್ಲಿ ಗೀರು ಕೊರೆದು ಜವಾರಿ, ಅಂದರೆ ತಂತಿಯ ಝೇಂಕಾರ, ಕೆಡಿಸುತ್ತದೆ. ಏಕತಾರಿಗೆ ನಮ್ಮ ಸಲಹೆ ಬಿದಿರೇ. ರಾತ್ರಿಯಿಡೀ ತತ್ವಪದ ಹಾಡುವವರು ಅದನ್ನು ಹೆಗಲಿಗೆ ಹಿಡಿದೇ ಇರುತ್ತಾರೆ. ಭಾರದ ದಾಂಡಿ ಕೈ ನೋಯಿಸುವುದಲ್ಲದೆ ಬುರುಡೆ ಕೂಡುವ ಜಾಗದಲ್ಲಿ ಸೀಳು ಬಿಡಿಸುತ್ತದೆ.

ಕೆಲಸ ಕೆಡುವುದೆಲ್ಲ ಒಣಗಿಸುವಲ್ಲಿ. ಕಲಬುರಗಿಯ ಏಪ್ರಿಲ್-ಮೇ ಬಿಸಿಲಿಗೆ, 42-43 ಡಿಗ್ರಿಯ ಒಣ ಗಾಳಿಗೆ, ಹಸಿ ದಿಮ್ಮಿ ಇಟ್ಟರೆ ತುದಿಯಿಂದ ಅಡಿಗಟ್ಟಲೆ ಸೀಳುತ್ತದೆ. ಹೊರಮೈ ಬೇಗ ಒಣಗಿ ಕುಗ್ಗಲು ನೋಡುತ್ತದೆ, ಒಳಗಿನ ಹಸಿ ಬಿಡುವುದಿಲ್ಲ, ಮಧ್ಯೆ ಮರ ಹರಿಯುತ್ತದೆ. ಆದ್ದರಿಂದ ಮರ ಕಡಿಯಬೇಕಾದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಕಡಿದ ದಿನವೇ ಎರಡೂ ತುದಿಗೆ ಮೇಣ ಅಥವಾ ದಪ್ಪ ಆಯಿಲ್ ಪೇಂಟ್ ಬಳಿಯಬೇಕು, ವಾರದೊಳಗೆ ಸಾಮಿಲ್ಲಿಗೆ ಹೋಗಬೇಕು. ನಟ್ಟನಡುವಿನ ತಿರುಳಿನ ಸುತ್ತ ಒಂದೂವರೆ ಇಂಚು ಬಿಟ್ಟುಬಿಡಿ. ಅದು ಸೀಳದೆ ಇರುವುದಿಲ್ಲ. ಉಳಿದದ್ದನ್ನು ಕ್ವಾರ್ಟರ್ ಸಾನ್ ಆಗಿ, ಅಂದರೆ ವರ್ಷದ ಉಂಗುರಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಲ್ಲುವಂತೆ ಸೀಳಿಸಿ. ಸಾಮಿಲ್ಲಿನವರು ತಾವಾಗಿ ಹೀಗೆ ಸೀಳುವುದಿಲ್ಲ, ಮರ ಹಾಳಾಗುತ್ತದೆ ಎನ್ನುತ್ತಾರೆ. ಎದುರು ನಿಂತು ಹೇಳಿ ಮಾಡಿಸಬೇಕು.

ಹಲಗೆಗಳನ್ನು ನೆರಳಿನಲ್ಲಿ, ನೆಲದಿಂದ ಅಡಿ ಎತ್ತರದಲ್ಲಿ ಪೇರಿಸಿ. ನಡುವೆ ಮುಕ್ಕಾಲು ಇಂಚಿನ ಪಟ್ಟಿಗಳು ಒಂದೂವರೆ ಅಡಿಗೊಂದರಂತೆ ಇರಲಿ, ಮೇಲಿನ ಪಟ್ಟಿ ಕೆಳಗಿನದರ ನೇರಕ್ಕೇ ಬರಲಿ. ತಲೆಯ ಮೇಲೆ ಕಲ್ಲು ಹೇರಿ. ಈ ಮರಕ್ಕೆ ಬಾಗುವ ಚಾಳಿ ಹೆಚ್ಚು. ಇಂಚು ದಪ್ಪಕ್ಕೆ ವರ್ಷ ಎನ್ನುವುದು ಹಳೆಯ ಲೆಕ್ಕ, ಆದರೆ ತಕ್ಕಡಿಯನ್ನು ನಂಬುವುದು ಮೇಲು. ಒಂದು ಮಾದರಿ ಹಲಗೆಯನ್ನು ಹದಿನೈದು ದಿನಕ್ಕೊಮ್ಮೆ ತೂಗುತ್ತ ಹೋಗಿ. ಸತತ ಎರಡು ತೂಕದಲ್ಲಿ ವ್ಯತ್ಯಾಸ ಬರದಿದ್ದರೆ ಅದು ಇಲ್ಲಿನ ಗಾಳಿಗೆ ಹೊಂದಿಕೊಂಡಿತು ಎಂದರ್ಥ.

ಹೊಂದಿಕೊಂಡ ಮೇಲೂ ಮರ ಸುಮ್ಮನಿರುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಅದರ ತೇವ ಶೇ 5-6ಕ್ಕೆ ಇಳಿದು, ಶ್ರಾವಣದಲ್ಲಿ 12-14ಕ್ಕೆ ಏರುತ್ತದೆ. ಅಡ್ಡ ಸೀಳಿದ, ಅಂದರೆ ಉಂಗುರಗಳು ಮುಖಕ್ಕೆ ಮಲಗಿದಂತಿರುವ, 100 ಮಿ.ಮೀ. ಅಗಲದ ಹಲಗೆ ಇಷ್ಟಕ್ಕೇ ಒಂದೂವರೆ ಮಿ.ಮೀ. ಆಸುಪಾಸು ಹಿಗ್ಗಿ ಕುಗ್ಗುತ್ತದೆ, ಕ್ವಾರ್ಟರ್ ಸಾನ್ ಆದರೆ ಸುಮಾರು ಅದರ ಅರ್ಧ. ಬಿರಡೆ ಮಳೆಗಾಲದಲ್ಲಿ ಬಿಗಿದು ಬೇಸಿಗೆಯಲ್ಲಿ ಜಾರುವುದು ಈ ಕಾರಣಕ್ಕೇ. ಬಿರಡೆಗೆ ಸೀಮೆಸುಣ್ಣ, ಸೋಪು ಹಚ್ಚಿ ಅಂಗಡಿಯವರನ್ನು ಬೈಯುವ ಮೊದಲು ತಿಂಗಳು ಯಾವುದೆಂದು ನೋಡಿಕೊಳ್ಳಬಹುದು.

ಕೆತ್ತುವಾಗ ಎಳೆ ಅಲ್ಲಲ್ಲಿ ತಿರುಚಿಕೊಂಡಿರುತ್ತದೆ. ರಂದಾ ಹೊಡೆದರೆ ಚಿಪ್ಪು ಏಳುತ್ತದೆ. ಅಲಗು ಚೂಪು ಮಾಡಿ ಕೂದಲೆಳೆಯಷ್ಟೇ ಹೊರಗಿಡಿ, ಕೊನೆಗೆ ಉಕ್ಕಿನ ತಗಡಿನಿಂದ ಹೆರೆಯಿರಿ. ಹಳದಿ ಛಾಯೆಯ ಹೊರಪದರವನ್ನು ಪೂರ್ತಿ ತೆಗೆಯಬೇಕು, ಕುಟ್ಟೆ ಹುಳ ಮೊದಲು ಅಲ್ಲಿಗೇ ಬೀಳುತ್ತದೆ. ದೂಳಿಗೆ ಮೂಗು, ಕಣ್ಣು ಉರಿಯುತ್ತವೆ. ಮಾಸ್ಕ್ ಇಲ್ಲದೆ ಮರಳುಕಾಗದ ಹಿಡಿಯಬೇಡಿ. ಅಂಟಿನ ಬಗ್ಗೆ ಒಂದೇ ಮಾತು: ಬಿಸಿಲಿಗೆ ನಿಂತ ಟೆಂಪೋದೊಳಗೆ ಬಿಳಿ ಅಂಟು ಮೆತ್ತಗಾಗಿ, ತಂತಿ ಎಳೆತಕ್ಕೆ ಕೂಡು ಜರುಗುತ್ತದೆ. ಜಾತ್ರೆಗೆ ಒಯ್ಯುವವರು ತಂತಿ ಸಡಿಲಿಸಿ ಒಯ್ಯಲಿ.

ಇನ್ನು ಮರ ಮಾರುವವರಲ್ಲಿ ಒಂದು ಕೋರಿಕೆ. ಈಗ ಕಡಿದ ಅಕೇಶಿಯಾವನ್ನು ಮೂರಡಿ ತುಂಡು ಮಾಡಿ ಟನ್ ಲೆಕ್ಕದಲ್ಲಿ ಒಂದೇ ಲಾಟಿಗೆ ಹರಾಜು ಹಾಕುತ್ತಾರೆ. ನಮ್ಮಂಥವರು ಇಡೀ ಲಾಟು ಕೊಳ್ಳಲಾಗದು, ಮೂರಡಿಯ ತುಂಡು ದಾಂಡಿಗೆ ಸಾಲದು. ಕವಲಿಲ್ಲದ, ಮೂರೂವರೆ ಅಡಿ ಸುತ್ತಳತೆ ದಾಟಿದ ಬೊಡ್ಡೆಗಳನ್ನಷ್ಟೇ ನಾಲ್ಕೂವರೆ ಅಡಿ ಉದ್ದಕ್ಕೆ ಕತ್ತರಿಸಿ, ತುದಿಗೆ ಪೇಂಟ್ ಬಳಿದು, ಐದಾರು ದಿಮ್ಮಿಗಳ ಸಣ್ಣ ಲಾಟುಗಳಾಗಿ ಬೇರೆ ಇಡಲಿ. ಹರಾಜಿನ ದಿನವನ್ನು ಕಡಿಯುವ ಮೊದಲೇ ತಿಳಿಸಲಿ. ಡಿಪೋದಲ್ಲಿ ತಿಂಗಳು ಬಿಸಿಲು ತಿಂದ ದಿಮ್ಮಿ ನಮಗೂ ಸೌದೆಯೇ.

— ತಂತಿವಾದ್ಯ ಕೆಲಸಗಾರರು, ಶಹಾಬಜಾರ, ಕಲಬುರಗಿ