ಜುಲೈ 14ಕ್ಕೇ ರಾಜ ಹೋದನೇ?

ಮಾನ್ಯರೇ,

ಭಾನುವಾರ ನಮ್ಮ ಸಮುದಾಯ ಭವನದಲ್ಲಿ ನಡೆದ ಹೈಸ್ಕೂಲು ಮಕ್ಕಳ ರಸಪ್ರಶ್ನೆಯ ಸುದ್ದಿ ನಿಮ್ಮಲ್ಲಿ ಫೋಟೊ ಸಮೇತ ಬಂದಿದೆ. ಶಾಲು, ಹಾರ, ಪೇಟ ಎಲ್ಲವೂ ಚೆನ್ನಾಗಿ ಕಾಣುತ್ತಿವೆ. ನನ್ನ ಮೊಮ್ಮಗಳು ಅತ್ತಿದ್ದು ಮಾತ್ರ ಕಾಣುವುದಿಲ್ಲ.

ಫ್ರಾನ್ಸಿನಲ್ಲಿ ರಾಜರ ಆಳ್ವಿಕೆ ರದ್ದಾದ ದಿನ ಯಾವುದು ಎಂದು ಕೇಳಿದರು. ಅವಳು 1792ರ ಸೆಪ್ಟೆಂಬರ್ 21 ಅಂದಳು. ತಪ್ಪಂತೆ. 1789ರ ಜುಲೈ 14 ಅಂತೆ. ಇದ್ದ ಅರ್ಧ ಅಂಕವನ್ನೂ ಕಿತ್ತುಕೊಂಡರು, ಎರಡನೇ ಬಹುಮಾನ ಹೋಯಿತು.

ಸ್ವಾಮಿ, ಜುಲೈ 14ಕ್ಕೆ ಬಿದ್ದದ್ದು ಬಾಸ್ಟೀಲ್ ಕೋಟೆ. ಒಳಗಿದ್ದ ಕೈದಿಗಳು ಬರೀ 7 ಜನ. ಹದಿನಾರನೇ ಲೂಯಿ ಆ ದಿನದ ಡೈರಿಯಲ್ಲಿ ‘ಏನೂ ಇಲ್ಲ’ ಎಂದು ಬರೆದ. ಬೇಟೆ ಸಿಗಲಿಲ್ಲ ಅಂತ! ಆಮೇಲೂ ಮೂರು ವರ್ಷ ಅವನೇ ರಾಜ. 1791ರ ಜೂನ್‌ನಲ್ಲಿ ಹೆಂಡತಿ ಮಕ್ಕಳ ಜೊತೆ ವೇಷ ಮರೆಸಿಕೊಂಡು ಓಡಿಹೋಗಿ, ವರೆನ್ ಊರಿನಲ್ಲಿ ಸಿಕ್ಕಿಬಿದ್ದು ವಾಪಸು ಬಂದ. ಆಗಲೂ ರಾಜನೇ. 1792ರ ಆಗಸ್ಟ್ 10ಕ್ಕೆ ಜನ ಟ್ವಿಲರಿ ಅರಮನೆಗೆ ನುಗ್ಗಿದರು. ನೂರಾರು ಸ್ವಿಸ್ ಕಾವಲುಗಾರರು ಸತ್ತರು, ರಾಜ ಸೆರೆಯಾದ. ಸೆಪ್ಟೆಂಬರ್ 21ಕ್ಕೆ ಹೊಸ ಸಭೆ ರಾಜಪದವಿಯನ್ನೇ ತೆಗೆದುಹಾಕಿತು. ತಲೆ ಹೋದದ್ದು 1793ರ ಜನವರಿ 21ಕ್ಕೆ. ಇಷ್ಟು ನನ್ನ ಮೊಮ್ಮಗಳಿಗೆ ಗೊತ್ತು, ಮೈಕು ಹಿಡಿದವರಿಗೆ ಗೊತ್ತಿಲ್ಲ.

ಮೇಲೆ ಒಂದು ಭಾಷಣ ಬೇರೆ. ಆ ಜುಲೈ 14ರಿಂದಲೇ ಅಲ್ಲಿ ಪ್ರಜಾಪ್ರಭುತ್ವವಂತೆ! ಹಾಗಾದರೆ ಕ್ರಾಂತಿಯ ಮುಖಂಡ ರೋಬೆಸ್‌ಪಿಯರ್ ಕಾಲದಲ್ಲಿ ತಲೆ ಕಡಿಯುವ ಯಂತ್ರ ಗಿಲೋಟಿನ್‌ಗೆ ಸಾಲುಗಟ್ಟಿ ನಿಲ್ಲಿಸಿದ್ದು ಯಾರನ್ನು? 1794ರ ಜುಲೈನಲ್ಲಿ ಅವನ ತಲೆಯೂ ಹೋಯಿತು. 1804ಕ್ಕೆ ನೆಪೋಲಿಯನ್ ಚಕ್ರವರ್ತಿಯೇ ಆದ. 1814ಕ್ಕೆ ಸತ್ತ ರಾಜನ ತಮ್ಮ ಬಂದು ಅದೇ ಗದ್ದುಗೆ ಮೇಲೆ ಕೂತ. ಒಳ್ಳೇ ಪ್ರಜಾಪ್ರಭುತ್ವ, ಅಲ್ವಾ?

ಸೋಮವಾರ ಪುಸ್ತಕ ಹಿಡಿದು, ಪುಟಗಳ ಜೆರಾಕ್ಸ್ ಮಾಡಿಸಿ, ಆಟೊಗೆ 120 ರೂಪಾಯಿ ತೆತ್ತು ರಸಪ್ರಶ್ನೆ ನಡೆಸಿದವರ ಕಚೇರಿಗೆ ಹೋದೆ. ಎರಡನೇ ಮಹಡಿ. ಲಿಫ್ಟಿಗೆ ‘ದುರಸ್ತಿಯಲ್ಲಿದೆ’ ಬೋರ್ಡು ನೇತುಹಾಕಿ ಎರಡು ವರ್ಷವಾಯಿತು. ಬೋರ್ಡಿಗೇ ತುಕ್ಕು ಹಿಡಿದಿದೆ. ಮಂಡಿ ನೋವಿನಲ್ಲಿ ಹತ್ತಿದರೆ ಸಾಹೇಬರು ಮೀಟಿಂಗು. ಗುಮಾಸ್ತರು ನನ್ನ ಜೆರಾಕ್ಸ್ ಕಡೆ ನೋಡಲೂ ಇಲ್ಲ. ‘ನಮ್ಮ ಹಾಳೆಯಲ್ಲಿ ಏನಿದೆಯೋ ಅದೇ ಸರಿ, ಮುಂದಿನ ವಾರ ಬನ್ನಿ’ ಅಂದರು. 1793ರಲ್ಲಿ ಫ್ರಾನ್ಸಿನವರು ಹತ್ತು ದಿನಕ್ಕೊಂದು ವಾರ ಮಾಡಿದ್ದರು. ಇವರ ವಾರಕ್ಕೆ ಎಷ್ಟು ದಿನವೋ. ನನ್ನ ಹೆಂಡತಿಯ ಪಿಂಚಣಿ ಕಡತ ಇಂಥ ‘ಮುಂದಿನ ವಾರ’ದಲ್ಲೇ ಹದಿನಾಲ್ಕು ತಿಂಗಳು ಕೂತಿತ್ತು. ಇನ್ನು ಗ್ರಂಥಾಲಯದ ಇತಿಹಾಸದ ಕಪಾಟಿನ ಮೇಲೆ ಮೂರು ಮಳೆಗಾಲದಿಂದ ಸೋರುತ್ತಿದೆ. ಒಂದು ಬಕೆಟ್ ಇಟ್ಟಿದ್ದಾರೆ, ಅಷ್ಟೇ. ಪ್ರಶ್ನೆ ಬರೆದವರು ಆ ಕಪಾಟಿನ ಹತ್ತಿರ ಹೋಗಿಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

1789ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಹೆಂಗಸರು ಬ್ರೆಡ್ ಬೇಕೆಂದು ಮಳೆಯಲ್ಲಿ ಸುಮಾರು 20 ಕಿಲೋಮೀಟರ್ ನಡೆದು ರಾಜನ ಅರಮನೆಯಿದ್ದ ವರ್ಸೇಲ್ಸ್‌ಗೆ ಹೋದರು. ಅವರಿಗೆ ರಾಜನೇ ಸಿಕ್ಕಿದ. ನನಗೆ ಒಬ್ಬ ಸಾಹೇಬರು ಸಿಗಲಿಲ್ಲ.

ಆ ಅರ್ಧ ಅಂಕ ವಾಪಸು ಕೊಡಲಿ. ಇಲ್ಲವೇ ಎರಡನೇ ಬಹುಮಾನ ಇಬ್ಬರಿಗೆ ಹಂಚಲಿ. ಅದೂ ಆಗದಿದ್ದರೆ ಪ್ರಶ್ನೆ ಬರೆದವರನ್ನು ಒಂದು ವರ್ಷ ನನ್ನ ಮೊಮ್ಮಗಳ ಕ್ಲಾಸಿನಲ್ಲಿ ಕೂರಿಸಲಿ. ಲಿಫ್ಟೂ ರಿಪೇರಿಯಾಗಲಿ. ಸಂಬಂಧಪಟ್ಟವರು ಗಮನಿಸುವುದಿಲ್ಲ ಅಂತ ಗೊತ್ತು, ಆದರೂ ಬರೆದಿದ್ದೇನೆ.

— ಮಂಡಿ ನೋವಿನ ಓದುಗ