ವಯಸ್ಸು ತಿಳಿಯಲು ನೋಡುವ ಹಲ್ಲನ್ನು ನೋವಿಗಾಗಿಯೂ ನೋಡಿ

ಸಂಪಾದಕರಿಗೆ,

ಮಾನ್ಯರೇ,

ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ, ಅಂದರೆ ಅಪರಾಧದ ಆರೋಪ ಹೊತ್ತ, ಮಕ್ಕಳನ್ನು ಇರಿಸುವ ವೀಕ್ಷಣಾಲಯಗಳು ಸುದ್ದಿಯಾಗುವುದು ಹೆಚ್ಚಾಗಿ ಅಲ್ಲಿಂದ ಯಾರಾದರೂ ಗೋಡೆ ಹಾರಿ ಓಡಿಹೋದಾಗ. ನಾನು ಬರೆಯುತ್ತಿರುವುದು ಓಡಿಹೋಗದೆ ಒಳಗೇ ಉಳಿದವರ ಬಾಯಿಯ ಸ್ಥಿತಿಯ ಬಗ್ಗೆ. ಸರ್ಕಾರಿ ಆಸ್ಪತ್ರೆಯಲ್ಲಿ ದಂತ ವೈದ್ಯನಾಗಿದ್ದಷ್ಟು ವರ್ಷವೂ ಈ ಮಕ್ಕಳು ನನ್ನ ಕುರ್ಚಿಯವರೆಗೆ ಬರುತ್ತಿದ್ದುದು ಎರಡೇ ಸಂದರ್ಭಗಳಲ್ಲಿ. ಒಂದೋ ಅವರ ವಯಸ್ಸು ನಿರ್ಧಾರವಾಗಬೇಕಿತ್ತು, ಇಲ್ಲವೇ ಕೆನ್ನೆ ಊದಿ ಕಣ್ಣು ಮುಚ್ಚಿಹೋಗುವಷ್ಟಾಗಿತ್ತು.

ಮೊದಲನೆಯದನ್ನು ಸ್ವಲ್ಪ ವಿವರಿಸಬೇಕು. 2015ರ ಬಾಲ ನ್ಯಾಯ ಕಾಯ್ದೆಯ 94ನೇ ಕಲಮಿನ ಪ್ರಕಾರ ಶಾಲೆಯ ದಾಖಲೆಯಾಗಲಿ, ಸ್ಥಳೀಯ ಸಂಸ್ಥೆ ಕೊಟ್ಟ ಜನನ ಪ್ರಮಾಣಪತ್ರವಾಗಲಿ ಇಲ್ಲದಿದ್ದಾಗ ಮಾತ್ರ ವೈದ್ಯಕೀಯ ಪರೀಕ್ಷೆಯಿಂದ ವಯಸ್ಸು ತಿಳಿಯಬೇಕು ಮತ್ತು ಆದೇಶವಾದ 15 ದಿನಗಳೊಳಗೆ ಅದು ಮುಗಿಯಬೇಕು. ಆಗ ಮೂಳೆಯ ಜೊತೆಗೆ ಹಲ್ಲಿನ ಎಕ್ಸ್‌ರೇ ಕೂಡ ತೆಗೆಯುವುದುಂಟು, ಏಕೆಂದರೆ ಬುದ್ಧಿ ಹಲ್ಲಿನ ಬೇರು ಎಷ್ಟು ಬೆಳೆದಿದೆ ಎಂಬುದರಿಂದ ಹದಿನೆಂಟರ ಆಚೆಯೋ ಈಚೆಯೋ ಎಂದು ಅಂದಾಜು ಮಾಡಲು ಸಹಾಯವಾಗುತ್ತದೆ. ಅದೇ ಚಿತ್ರದಲ್ಲಿ, ಬುದ್ಧಿ ಹಲ್ಲಿನಿಂದ ಎರಡು ಹಲ್ಲು ಮುಂದೆ, ಆರನೇ ವಯಸ್ಸಿನ ಸುಮಾರಿಗೆ ಹುಟ್ಟಿದ ದವಡೆ ಹಲ್ಲು ಅರ್ಧ ತಿಂದುಹೋಗಿ, ಬೇರಿನ ತುದಿಯಲ್ಲಿ ಕೀವಿನ ಕಪ್ಪು ನೆರಳು ಕಟ್ಟಿಕೊಂಡಿರುವುದೂ ಕಾಣುತ್ತದೆ. ಆದರೆ ಈ ಮಕ್ಕಳ ಪ್ರಕರಣ ವಿಚಾರಿಸುವ ಬಾಲ ನ್ಯಾಯ ಮಂಡಳಿ ಕೇಳಿದ್ದು ವಯಸ್ಸನ್ನು, ನಾವು ಬರೆದು ಕಳಿಸುವುದೂ ವಯಸ್ಸನ್ನೇ. ಕಣ್ಣೆದುರಿನ ಆ ನೆರಳಿನ ಬಗ್ಗೆ ಒಂದು ಸಾಲೂ ಬರೆಯದೆ ಎಷ್ಟೋ ವರದಿಗಳಿಗೆ ನಾನೇ ಸಹಿ ಹಾಕಿದ್ದೇನೆ. ಬೇರೆಯವರನ್ನು ದೂರುವ ಮೊದಲು ಇದನ್ನು ಹೇಳಿಬಿಡುವುದು ಒಳ್ಳೆಯದು.

ನಿಯಮಗಳಿಗೇನೂ ಕೊರತೆಯಿಲ್ಲ. ಸ್ವಾತಂತ್ರ್ಯ ಕಳೆದುಕೊಂಡ ಮಕ್ಕಳ ರಕ್ಷಣೆಗಾಗಿ ವಿಶ್ವಸಂಸ್ಥೆ 1990ರಲ್ಲಿ ಅಂಗೀಕರಿಸಿದ, ಹವಾನಾ ನಿಯಮಗಳೆಂದು ಹೆಸರಾದ ಪಟ್ಟಿಯ 49ನೇ ನಿಯಮವು ರೋಗ ಬಾರದಂತೆ ತಡೆಯುವ ಮತ್ತು ಬಂದದ್ದನ್ನು ಗುಣಪಡಿಸುವ ಎರಡೂ ಬಗೆಯ ವೈದ್ಯಕೀಯ ಆರೈಕೆಯ ಮಾತೆತ್ತಿ, ಅದರಲ್ಲಿ ಹಲ್ಲಿನ ಆರೈಕೆಯನ್ನು ಹೆಸರಿಸಿಯೇ ಸೇರಿಸಿದೆ. ನಮ್ಮದೇ ಬಾಲ ನ್ಯಾಯ ಕಾಯ್ದೆಯಡಿಯ 2016ರ ಮಾದರಿ ನಿಯಮಗಳು ಮಗು ಒಳಬಂದ 24 ಗಂಟೆಗಳೊಳಗೆ ವೈದ್ಯಕೀಯ ತಪಾಸಣೆ ಆಗಬೇಕೆನ್ನುತ್ತವೆ. ಬ್ರಷ್ಷು ಪೇಸ್ಟುಗಳನ್ನು ಕೊಡಬೇಕೆನ್ನುತ್ತವೆ. ಮಗುವಿನ ಹಿನ್ನೆಲೆಯನ್ನು ದಾಖಲಿಸುವ ನಮೂನೆಯಲ್ಲಿ ಶ್ವಾಸಕೋಶ, ಕಿವಿ, ಕಣ್ಣುಗಳ ಸಾಲಿನಲ್ಲಿ ಹಲ್ಲಿನ ಕಾಯಿಲೆಗೂ ಒಂದು ಜಾಗವಿದೆ. ನಾನು ಕಂಡ ನಮೂನೆಗಳಲ್ಲಿ ಆ ಜಾಗದಲ್ಲಿ ‘ಇಲ್ಲ’ ಎಂದೇ ಬರೆದಿರುತ್ತಿತ್ತು. ಬಾಯಿ ತೆರೆಸಿ ನೋಡದೆ ‘ಇದೆ’ ಎಂದು ಬರೆಯಲು ಬರುವುದಿಲ್ಲವಲ್ಲ.

ನಿವೃತ್ತಿಯ ನಂತರ ಎರಡು ವರ್ಷ, ತಿಂಗಳಿಗೊಮ್ಮೆ, ಒಂದು ವೀಕ್ಷಣಾಲಯಕ್ಕೆ ಸ್ವಂತ ಇಚ್ಛೆಯಿಂದ ಹೋಗುತ್ತಿದ್ದೆ. ಅದು ಯಾವ ಊರಿನದೆಂಬುದು ಇಲ್ಲಿ ಮುಖ್ಯವಲ್ಲ, ಅಲ್ಲಿನ ಸಿಬ್ಬಂದಿ ಕೆಟ್ಟವರೂ ಅಲ್ಲ. ಮೊದಲ ದಿನ ಬ್ರಷ್ಷುಗಳು ಎಲ್ಲಿವೆ ಎಂದು ಕೇಳಿದೆ. ಕಚೇರಿಯ ಬೀರುವಿನಿಂದ ಒಂದು ಪ್ಲಾಸ್ಟಿಕ್ ಬಕೆಟ್ ತಂದರು. ಮೂವತ್ತಕ್ಕೂ ಹೆಚ್ಚು ಬ್ರಷ್ಷುಗಳು ಕಟ್ಟಿಗೆಯಂತೆ ಒಂದರ ಮೇಲೊಂದು ಬಿದ್ದಿದ್ದವು. ಹೆಸರಿಲ್ಲ, ಗುರುತಿಲ್ಲ, ಕೆಲವು ಇನ್ನೂ ಒದ್ದೆ. ಬ್ರಷ್ಷಿನ ಹಿಡಿಯನ್ನು ನೆಲಕ್ಕೆ ಉಜ್ಜಿ ಚೂಪು ಮಾಡಿಕೊಂಡು ಒಬ್ಬ ಇನ್ನೊಬ್ಬನಿಗೆ ಚುಚ್ಚಿದ್ದರಿಂದ ಬೆಳಿಗ್ಗೆ ಕೊಟ್ಟು ವಾಪಸು ಪಡೆಯುತ್ತೇವೆ, ಕೈಗೆ ಯಾವುದು ಸಿಕ್ಕಿತೋ ಅದು ಅವರದು ಎಂದು ಅಧೀಕ್ಷಕರು ಹೇಳಿದರು. ಅವರ ಭಯ ಸುಳ್ಳಲ್ಲ. ಆದರೆ ಒಬ್ಬರ ವಸಡಿನ ರಕ್ತ ಇನ್ನೊಬ್ಬರ ಬಾಯಿಗೆ ಹೋಗುವ ಏರ್ಪಾಡು ಅದಕ್ಕೆ ಪರಿಹಾರವಲ್ಲ. ಎಷ್ಟೋ ಹುಡುಗರು ಆ ಬಕೆಟ್ಟಿಗೆ ಹೇಸಿ ಹಲ್ಲುಪುಡಿಯನ್ನು ಬೆರಳಿನಲ್ಲಿ ತಿಕ್ಕಿಕೊಳ್ಳುತ್ತಿದ್ದರು. ಕೊನೆಗೆ ನಾವು ಮಾಡಿದ್ದು ಇಷ್ಟೇ: ಹಿಡಿಗಳನ್ನು ಬೆರಳುದ್ದಕ್ಕೆ ಕತ್ತರಿಸಿ, ತುದಿಯನ್ನು ಕಾಯಿಸಿ ಗುಂಡಗೆ ಮಾಡಿ, ಒಂದೊಂದಕ್ಕೂ ಸಂಖ್ಯೆ ಬರೆದು, ತೂತು ಕೊರೆದು, ಹಲಗೆಯ ಮೊಳೆಗಳಿಗೆ ಬೇರೆಬೇರೆಯಾಗಿ ತೂಗುಹಾಕಿದೆವು. ಒಂದು ಮಧ್ಯಾಹ್ನದ ಕೆಲಸ, ಅರ್ಧ ಕೆಲಸವನ್ನು ಹುಡುಗರೇ ಮಾಡಿದರು.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರ. ಹದಿನಾರರ ಆಸುಪಾಸಿನ ಹುಡುಗನೊಬ್ಬ ಒಳಬಂದ ಮೂರನೇ ರಾತ್ರಿಯಿಂದ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದನಂತೆ. “ನಶೆ ಸಿಗ್ತಿಲ್ಲ ಸಾರ್, ಅದಕ್ಕೇ ಈ ನಾಟಕ” ಎಂದರು ಕಾವಲಿನವರು. “ಬಾಯಿ ತೆಗಿಯಪ್ಪಾ” ಎಂದರೆ ಅವನ ಬಾಯಿ ತೆರೆಯುತ್ತಿದ್ದುದು ಎರಡು ಬೆರಳಿನಷ್ಟೇ. ಸಾಮಾನ್ಯವಾಗಿ ತನ್ನ ಮೂರು ಬೆರಳನ್ನು ಜೋಡಿಸಿ ಒಳಗಿಡುವಷ್ಟಾದರೂ ತೆರೆಯಬೇಕು. ಅಡಿಕೆ ಬೆರೆತ ಗುಟ್ಕಾದಿಂದ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುವ ಈ ಕಾಯಿಲೆ ಮುಂದೆ ಕ್ಯಾನ್ಸರಿಗೂ ತಿರುಗಬಹುದು. ಒಳಗೆ ಕೆಳದವಡೆಯ ಹಲ್ಲೊಂದು ಕೊಳೆತು ಕೀವಾಗಿತ್ತು. ವಿಚಾರಿಸಿದಾಗ ತಿಳಿದದ್ದು, ಹನ್ನೊಂದನೇ ವಯಸ್ಸಿನಲ್ಲಿ ಹಲ್ಲುನೋವು ತಾಳಲಾರದೆ ಯಾರೋ ಹೇಳಿದಂತೆ ಹುಳುಕಿನ ತೂತಿಗೆ ಹೊಗೆಸೊಪ್ಪು ತುಂಬಿಕೊಂಡಿದ್ದ, ನೋವು ಮರಗಟ್ಟಿತ್ತು, ಅಲ್ಲಿಂದ ಅಭ್ಯಾಸ ಬೆಳೆದಿತ್ತು. ಗೇಟಿನಲ್ಲಿ ಪೊಟ್ಟಣ ಕಸಿದುಕೊಂಡ ದಿನ ಐದು ವರ್ಷದಿಂದ ಅದುಮಿಟ್ಟ ನೋವು ಎದ್ದು ಕೂತಿತ್ತು. ವ್ಯಸನಮುಕ್ತಿ ಕೇಂದ್ರಗಳ ವೈದ್ಯರೂ ಇದನ್ನು ಗಮನಿಸಬೇಕೆಂದು ಕೋರುತ್ತೇನೆ. ಮೊದಲ ವಾರದ ಚಡಪಡಿಕೆಯೆಲ್ಲ ನಶೆ ತಪ್ಪಿದ್ದರಿಂದಲೇ ಬಂದದ್ದಲ್ಲ, ಅದರಲ್ಲಿ ಒಂದಷ್ಟು ಪಾಲು ದವಡೆಯದೂ ಇರಬಹುದು. ನೋವನ್ನು ತೆಗೆಯದೆ ಹೊರಗೆ ಕಳಿಸಿದರೆ ಅವನು ಮೊದಲು ನಿಲ್ಲುವುದು ಬೀಡಾ ಅಂಗಡಿಯ ಮುಂದೆ. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಮಕ್ಕಳಿಗೆ ತಂಬಾಕು ಕೊಟ್ಟವರಿಗೆ ಏಳು ವರ್ಷದವರೆಗೆ ಕಠಿಣ ಸಜೆ ಎಂದು ಇದೇ ಬಾಲ ನ್ಯಾಯ ಕಾಯ್ದೆಯ 77ನೇ ಕಲಂ ಹೇಳುತ್ತದೆ. ಆ ಅಂಗಡಿ ಎಷ್ಟು ದೂರದಲ್ಲಿದೆ ಎಂಬುದನ್ನು ಓದುಗರೇ ಬಲ್ಲರು.

ಕಂದುಹಲ್ಲಿನವರೆಲ್ಲ ಗುಟ್ಕಾ ತಿನ್ನುವವರೆಂದು ತಿಳಿಯುವುದೂ ತಪ್ಪು. ಪಾವಗಡದ ಕಡೆಯ ಹುಡುಗನೊಬ್ಬನನ್ನು ಹಲ್ಲಿನ ಕಲೆ ನೋಡಿಯೇ ವ್ಯಸನಿಗಳ ಪಟ್ಟಿಗೆ ಸೇರಿಸಿದ್ದರು. ಅದು ಅವನ ಊರಿನ ಕೊಳವೆಬಾವಿಯ ಫ್ಲೋರೈಡ್ ಮಾಡಿದ ಕಲೆ.

ಚಿಕಿತ್ಸೆಯ ವಿಷಯದಲ್ಲಿ ಮುಖ್ಯ ತೊಡಕು ಕಾಲದ್ದು. ವಿಚಾರಣೆ ಸಾಮಾನ್ಯವಾಗಿ ನಾಲ್ಕು ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆಯಿದೆ, ಜಾಮೀನು ಅದಕ್ಕೂ ಮೊದಲೇ ಸಿಗಬಹುದು. ಮೂರು ಸಲ ಬರಬೇಕಾದ ರೂಟ್ ಕೆನಾಲ್ ಆರಂಭಿಸಿದರೆ ಎರಡನೆಯ ಸಲಕ್ಕೆ ಹುಡುಗನೇ ಇರುವುದಿಲ್ಲ, ಅರ್ಧಕ್ಕೆ ಬಿಟ್ಟ ಹಲ್ಲು ಮೊದಲಿಗಿಂತ ಕೆಡುತ್ತದೆ. ಆಸ್ಪತ್ರೆಗೆ ಕರೆದೊಯ್ಯಲು ಬೆಂಗಾವಲಿಗೆ ಪೊಲೀಸರು ಬೇಕು. ಬಂದೋಬಸ್ತಿನ ದಿನಗಳಲ್ಲಿ ಅವರು ಸಿಗುವುದಿಲ್ಲ, ಸಿಕ್ಕ ದಿನ ಒಂದೇ ಸಲಕ್ಕೆ ಮುಗಿಸಿ ಎನ್ನುತ್ತಾರೆ. ಹೀಗಾಗಿ ಉಳಿಸಬಹುದಾದ ಹಲ್ಲನ್ನೂ ಕೀಳುವುದೇ ವಾಡಿಕೆಯಾಗಿದೆ. ಹದಿನಾಲ್ಕರ ಹುಡುಗನ ದವಡೆ ಹಲ್ಲು ಮತ್ತೆ ಹುಟ್ಟುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು.

ಇದಕ್ಕೆ ಒಗ್ಗುವ ಚಿಕಿತ್ಸೆ ಇಲ್ಲದಿಲ್ಲ. ಹುಳುಕನ್ನು ಕೈ ಉಪಕರಣದಿಂದಲೇ ಕೆರೆದು ತೆಗೆದು, ಫ್ಲೋರೈಡ್ ಬಿಡುಗಡೆ ಮಾಡುವ ಗ್ಲಾಸ್ ಅಯೊನೊಮರ್ ಸಿಮೆಂಟ್ ತುಂಬುವ ವಿಧಾನಕ್ಕೆ ಡ್ರಿಲ್ಲೂ ಬೇಡ, ವಿದ್ಯುತ್ತೂ ಬೇಡ. ಹುಳುಕು ಮುಂದುವರಿಯದಂತೆ ಸಿಲ್ವರ್ ಡೈಅಮೈನ್ ಫ್ಲೋರೈಡನ್ನು ಹಚ್ಚುವುದು ಕೆಲವೇ ನಿಮಿಷಗಳ ಕೆಲಸ. ಹುಳುಕಿದ ಜಾಗ ಕಪ್ಪಾಗುತ್ತದೆ ಎಂಬುದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆದರಾಯಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇವೆರಡನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಕೀವು ಮತ್ತು ನೋವಿಗೆ ಮೊದಲ ದಿನವೇ ಆರೈಕೆ, ಆಮೇಲೆ ಕುಳಿಗಳನ್ನು ಮುಚ್ಚುವುದು, ರೂಟ್ ಕೆನಾಲ್ ಅನ್ನು ಮುಗಿಸಲು ಸಾಧ್ಯವಿರುವವರಿಗೆ ಮಾತ್ರ: ಈ ಕ್ರಮ ಹಿಡಿದರೆ ಬಹುಪಾಲು ಕೆಲಸ ವೀಕ್ಷಣಾಲಯದ ಊಟದ ಕೋಣೆಯಲ್ಲೇ ಆಗುತ್ತದೆ, ಬೆಂಗಾವಲಿಗೆ ಕಾಯಬೇಕಾಗಿಲ್ಲ.

ಮಾಡುವವರು ಯಾರು ಎಂದರೆ, ನಲವತ್ತಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿರುವ ರಾಜ್ಯ ನಮ್ಮದು. ಅವುಗಳಲ್ಲಿ ಸಾರ್ವಜನಿಕ ದಂತ ಆರೋಗ್ಯ ವಿಭಾಗವಿದೆ, ಶಿಬಿರಕ್ಕೆ ಹೊರಡುವ ಇಂಟರ್ನಿಗಳಿದ್ದಾರೆ, ಎಷ್ಟೋ ಕಡೆ ಕುರ್ಚಿ ಸಮೇತ ಬಸ್ಸೂ ಇದೆ. ಆದರೆ ಶಿಬಿರವೆಂದರೆ ಈಗ ನಡೆಯುವುದು ಬ್ಯಾನರ್, ಫೋಟೊ, ಒಂದೊಂದು ಪೇಸ್ಟಿನ ಟ್ಯೂಬು, ಕೊನೆಗೆ ‘ಹೆಚ್ಚಿನ ಚಿಕಿತ್ಸೆ ಅಗತ್ಯ’ ಎಂಬ ಪಟ್ಟಿ. ಆ ಪಟ್ಟಿ ಕಡತಕ್ಕೆ ಸೇರುತ್ತದೆ. ಇದರ ಬದಲು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯು ಪ್ರತಿ ವೀಕ್ಷಣಾಲಯ ಹಾಗೂ ಬಾಲಮಂದಿರವನ್ನು ಹತ್ತಿರದ ಒಂದು ಕಾಲೇಜಿಗೆ, ಕಾಲೇಜಿಲ್ಲದ ಕಡೆ ಜಿಲ್ಲಾ ಆಸ್ಪತ್ರೆಯ ದಂತ ವಿಭಾಗಕ್ಕೆ ಒಪ್ಪಂದದ ಮೂಲಕ ಜೋಡಿಸಿ, ಹದಿನೈದು ದಿನಕ್ಕೊಮ್ಮೆ ಗೊತ್ತಾದ ವಾರದಂದು ಭೇಟಿ ಕಡ್ಡಾಯ ಮಾಡಬೇಕು. ಶಾಲಾ ಮಕ್ಕಳ ಹಲ್ಲನ್ನೂ ನೋಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆಯಲ್ಲ ಎನ್ನಬಹುದು. ಅದು ತಲುಪುವುದು ಅಂಗನವಾಡಿ ಮತ್ತು ಶಾಲೆಯ ಮೂಲಕ, ಈ ಹುಡುಗರಲ್ಲಿ ಅನೇಕರು ಶಾಲೆ ಬಿಟ್ಟು ವರ್ಷಗಳಾಗಿರುತ್ತವೆ. ಬಡ ವೃದ್ಧರಿಗೆ ಉಚಿತವಾಗಿ ದಂತಪಂಕ್ತಿ ಕಟ್ಟಿಸಿಕೊಡುವ ‘ದಂತ ಭಾಗ್ಯ’ ನಮ್ಮಲ್ಲಿದೆ, ಅದು ಒಳ್ಳೆಯ ಯೋಜನೆ. ಇದ್ದ ಹಲ್ಲು ಉಳಿಸುವುದಕ್ಕೆ ಅಷ್ಟೂ ಖರ್ಚಾಗದು.

ಬಿಡುಗಡೆಯಾಗುವಾಗ ಹುಡುಗನ ಕೈಗೆ ಯಾವ ಹಲ್ಲಿಗೆ ಏನಾಗಿದೆ, ಏನು ಬಾಕಿಯಿದೆ ಎಂಬ ಚೀಟಿ ಕೊಡಬೇಕು. ಅದು ಆಸ್ಪತ್ರೆಯ ಸಾಮಾನ್ಯ ಹೊರರೋಗಿ ಚೀಟಿಯಾಗಿರಬೇಕು, ವೀಕ್ಷಣಾಲಯದ ಮೊಹರು ಅದರ ಮೇಲೆ ಬೀಳಬಾರದು. ಮಗುವಿನ ಗುರುತು ಬಹಿರಂಗವಾಗಬಾರದೆಂಬ 74ನೇ ಕಲಮಿನ ಆಶಯವೂ ಅದೇ. ಮೊಹರಿರುವ ಚೀಟಿಯನ್ನು ಅವರು ಮೊದಲ ಬಸ್ ನಿಲ್ದಾಣದಲ್ಲೇ ಹರಿದೆಸೆಯುತ್ತಾರೆ, ನಾನಾದರೂ ಹಾಗೆಯೇ ಮಾಡುತ್ತಿದ್ದೆ.

ಇವೆಲ್ಲಕ್ಕೂ ಸಮಯ ಹಿಡಿಯುತ್ತದೆ ಎಂದಾದರೆ, ನಾಳೆಯೇ ಆಗಬಹುದಾದ ಒಂದು ಕೆಲಸವಿದೆ. ವಯಸ್ಸು ನಿರ್ಧಾರದ ವರದಿಯ ಕೊನೆಯಲ್ಲಿ, ದಂತ ವೈದ್ಯರ ಸಹಿಗೆ ಮೇಲೆ, ‘ಚಿಕಿತ್ಸೆ ಬೇಕಾಗಿರುವ ಹಲ್ಲುಗಳು’ ಎಂಬ ಒಂದು ಸಾಲನ್ನು ಸೇರಿಸಿ, ಅದರ ಪ್ರತಿಯನ್ನು ಅಧೀಕ್ಷಕರಿಗೆ ಕಳಿಸುವಂತೆ ಬಾಲ ನ್ಯಾಯ ಮಂಡಳಿಗಳು ಸೂಚಿಸಲಿ. ಎಕ್ಸ್‌ರೇ ಹೇಗೂ ತೆಗೆದಿರುತ್ತದೆ.

ಇಂತಿ,
ನಿವೃತ್ತ ಸರ್ಕಾರಿ ದಂತ ವೈದ್ಯ,
ಮೈಸೂರು