ಬೆಳಗಿನ ರಗ್ಬಿ ಬಗ್ಗೆ ಹತ್ತನೇ ತರಗತಿ ಪೋಷಕರಿಗೆ

ಪ್ರೀತಿಯ ಪೋಷಕರೇ,

ನಮಸ್ಕಾರ. ಹತ್ತನೇ ತರಗತಿಗೆ ಬೆಳಿಗ್ಗೆ ಟ್ಯಾಗ್ ರಗ್ಬಿ ಶುರು ಮಾಡಿದ್ದಕ್ಕೆ, ಪರೀಕ್ಷೆ ಹತ್ತಿರ ಇರುವಾಗ ಇದೇಕೆ ಅಂತ ಹಲವರು ಫೋನ್ ಮಾಡಿದಿರಿ. ಸೋಮವಾರ ಪ್ರಾರ್ಥನೆ ಹೊತ್ತಲ್ಲಿ ನಾನು ಹೇಳಿದ, ಪೆಸಿಫಿಕ್ ಸಾಗರದ ದ್ವೀಪದೇಶ ಫಿಜಿಯ ಕಥೆ ಇನ್ನಷ್ಟು ಗೊಂದಲ ಮಾಡಿದೆ. "ರಗ್ಬಿ ಆಡಿದರೆ ಗವರ್ನರ್ ಆಗಬಹುದು ಅಂತ ಹೆಡ್ ಮಿಸ್ ಹೇಳಿದರು" ಅಂತ ಮನೆಯಲ್ಲಿ ವರದಿಯಾಗಿದೆಯಂತೆ. ನಾನು ಹಾಗೆ ಹೇಳಲಿಲ್ಲ.

ಹೇಳಿದ್ದು ಜಾರ್ಜ್ ಥಾಕೊಂಬೌ ಅವರ ಕಥೆ. 1912ರಲ್ಲಿ ಹುಟ್ಟಿದವರು, ಸಿಡ್ನಿಯ ನ್ಯೂಯಿಂಗ್ಟನ್ ಕಾಲೇಜಿನಲ್ಲಿ ಓದಿದವರು. ರಗ್ಬಿಯಲ್ಲೂ ಕ್ರಿಕೆಟ್‌ನಲ್ಲೂ ಫಿಜಿ ಪರ ಆಡಿದರು. ಯುದ್ಧಕಾಲದಲ್ಲಿ ಸೇನೆಯಲ್ಲಿದ್ದರು, ಆಮೇಲೆ ಮಂತ್ರಿಯಾದರು. 1973ರಿಂದ ಹತ್ತು ವರ್ಷ ಫಿಜಿಯ ಗವರ್ನರ್ ಜನರಲ್, ಅಂದರೆ ರಾಣಿಯ ಪ್ರತಿನಿಧಿ. ಮೂಲ ಫಿಜಿಯನ್ನರಲ್ಲಿ ಆ ಕುರ್ಚಿಗೆ ಬಂದವರು ಅವರೇ ಮೊದಲು. ಆದರೆ ಒಂದು ಮಾತು ಬಿಟ್ಟುಬಿಟ್ಟೆ, ಅದು ನನ್ನ ತಪ್ಪು. ಅವರದು ದೊರೆಗಳ ಮನೆತನ. 1874ರಲ್ಲಿ ಫಿಜಿಯನ್ನು ಬ್ರಿಟಿಷರಿಗೆ ಒಪ್ಪಿಸಿದ ದೊರೆ ಸೆರು ಥಾಕೊಂಬೌ, ಈ ಜಾರ್ಜ್ ಅವರ ಮುತ್ತಜ್ಜ. ಹಾಗಾಗಿ ಕುರ್ಚಿ ಕೊಟ್ಟದ್ದು ಆಟವಲ್ಲ. ಇದನ್ನು ಮಕ್ಕಳಿಗೂ ಹೇಳುತ್ತೇನೆ.

ನಿಜ ಹೇಳಬೇಕೆಂದರೆ, ನನ್ನ ಮನಸ್ಸಿನಲ್ಲಿದ್ದದ್ದು ಅದಕ್ಕೂ ಹಿಂದಿನ ಒಂದು ಪಂದ್ಯ. 1924ರ ಆಗಸ್ಟ್ 18. ಫಿಜಿ ರಗ್ಬಿ ತಂಡ ನೆರೆಯ ದ್ವೀಪ ಟೋಂಗಾಕ್ಕೆ ಹೋಗುವ ದಾರಿಯಲ್ಲಿ ಇನ್ನೊಂದು ದ್ವೀಪ ಸಮೋವಾದ ಅಪಿಯಾದಲ್ಲಿ ಇಳಿಯಿತು. ಅಲ್ಲಿ ಸಮೋವಾ ವಿರುದ್ಧ ಆಡಿದ್ದು ಅವರ ಮೊದಲ ಅಂತರರಾಷ್ಟ್ರೀಯ ಪಂದ್ಯ. ಶುರುವಾದದ್ದು ಬೆಳಿಗ್ಗೆ ಏಳಕ್ಕೆ! ಯಾಕೆ ಗೊತ್ತೇ? ಸಮೋವಾದ ಆಟಗಾರರು ಆಟ ಮುಗಿಸಿ ಕೆಲಸಕ್ಕೆ ಹೋಗಬೇಕಿತ್ತು. ಮೈದಾನದ ನಡುವೆ ಒಂದು ದೊಡ್ಡ ಮರ ಬೇರೆ. ಫಿಜಿ 6-0 ಅಂತರದಲ್ಲಿ ಗೆದ್ದಿತು. ವಾಪಸ್ ಬರುವಾಗ ಮತ್ತೆ ಆಡಿ ಸೋತಿತು, ಅದನ್ನೂ ಹೇಳಿದ್ದೆ. ಮಕ್ಕಳಿಗೆ ಮರ ಮಾತ್ರ ನೆನಪಿದೆ.

ನಮ್ಮ ಮೈದಾನದಲ್ಲಿ ಮರವಿಲ್ಲ. ಆಟ ವಾರಕ್ಕೆ ಎರಡೇ ದಿನ, ಆರೂವರೆಯಿಂದ ಏಳೂವರೆ. ಎಂಟಕ್ಕೆ ಸ್ಪೆಷಲ್ ಕ್ಲಾಸ್ ಎಂದಿನಂತೆ ಇರುತ್ತದೆ. ಗಣಿತದ ಒಂದು ಪೀರಿಯಡ್ ಕೂಡ ಕಡಿಮೆಯಾಗಿಲ್ಲ. ಮತ್ತೆ ಹೇಳುತ್ತೇನೆ, ಒಂದೂ ಕಡಿಮೆಯಾಗಿಲ್ಲ. ಟ್ಯಾಗ್ ರಗ್ಬಿಯಲ್ಲಿ ಯಾರೂ ಯಾರನ್ನೂ ಕೆಡವುವುದಿಲ್ಲ. ಸೊಂಟದ ಪಟ್ಟಿಗೆ ಸಿಕ್ಕಿಸಿದ ರಿಬ್ಬನ್ ಎಳೆದರೆ ಮುಗಿಯಿತು. ಹೋದ ವಾರ ಒಬ್ಬ ಹುಡುಗ ಕಾಲು ಜಾರಿ ಬಿದ್ದು ಮೊಣಕಾಲು ತರಚಿಕೊಂಡ. ಮನೆಗೆ ತಕ್ಷಣ ತಿಳಿಸಬೇಕಿತ್ತು, ತಿಳಿಸಲಿಲ್ಲ. ಕ್ಷಮಿಸಿ. ಇನ್ನು ಮುಂದೆ ಪಿಟಿ ಸರ್ ಅಲ್ಲಿಂದಲೇ ಫೋನ್ ಮಾಡುತ್ತಾರೆ.

ಪ್ರಿಪರೇಟರಿ ಪರೀಕ್ಷೆ ಹತ್ತಿರ ಬಂದಿದೆ ಅನ್ನುವ ನಿಮ್ಮ ಭಯ ನನಗೂ ಇದೆ. ನಾನೂ ತಾಯಿಯೇ ಅಲ್ವಾ. ಆದರೂ ಸುಮ್ನೆ ಯಾರೋ ಫೋನ್ ಮಾಡಿದರು ಅಂತ ಆಟ ನಿಲ್ಲಿಸುವುದಿಲ್ಲ. ನಿಮ್ಮ ಮಗುವಿಗೆ ಬೇಡ ಅನ್ನಿಸಿದರೆ ಬಲವಂತವೂ ಇಲ್ಲ. ಆ ಹೊತ್ತಿಗೆ ಲೈಬ್ರರಿ ತೆರೆದಿರುತ್ತದೆ.

ಕೆಳಗಿನ ಚೀಟಿಗೆ ಸಹಿ ಹಾಕಿ ಶುಕ್ರವಾರದೊಳಗೆ ಕಳಿಸಿ.

ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ